ಬಾಗಿಲ ಕಡೆ ನೋಡುವ ಹಕ್ಕಿ

ತನ್ನ ಕೈಯಾರೆ ಮಾಡಿದ ವಸ್ತುವಿಗೆ ನೂರ ಮೂವತ್ತು ವರ್ಷ ವಯಸ್ಸಾಗಿದೆ ಎಂದು ಇನ್ನೊಬ್ಬರ ಬಾಯಿಂದ ಕೇಳಿದರೆ ಮನುಷ್ಯನಿಗೆ ಏನಾಗಬೇಕು? ನಮ್ಮ ಬಡಗಿಗೆ ಚಹಾ ನೆತ್ತಿಗೇರಿತು. ಬೆಳಿಗ್ಗೆ ಏಳು ಗಂಟೆ. ಉದ್ಯಾನದ ಕಬ್ಬಿಣದ ಬೇಲಿಯ ಪಕ್ಕದ ಬೆಂಚಿನಲ್ಲಿ, ಮನೆಯಿಂದ ತಂದ ಲೋಟ ಹಿಡಿದು ಕೂತಿದ್ದ. ಎದುರಿಗೆ ಕಿರಿದಾದ ಬೀದಿ, ಬೀದಿಯಾಚೆ ಅವನು ಬಾಡಿಗೆಗಿದ್ದ ಮನೆ. ನಿವೃತ್ತ ಮೇಷ್ಟ್ರು ವಾಕಿಂಗಿಗೆ ಬಂದ ಏಳೆಂಟು ಜನರನ್ನು ನಿಲ್ಲಿಸಿಕೊಂಡು, ಕೋಲೆತ್ತಿ ಅವನ ಕಿಟಕಿಯನ್ನೇ ತೋರಿಸುತ್ತಿದ್ದರು.

“ಆ ಕಿಟಕಿ ನೆತ್ತಿಯ ಹಲಗೆ ನೋಡಿ. ಏಳು ಹಕ್ಕಿ ಇವೆ. ಆರು ಹಕ್ಕಿ ಉದ್ಯಾನದ ಗೇಟಿನ ಕಡೆ ಮುಖ ಮಾಡಿವೆ. ಐದನೇದು ಮಾತ್ರ ಮನೆ ಬಾಗಿಲ ಕಡೆ ತಿರುಗಿದೆ. ಮನೆ ಕಟ್ಟಿದ ಮಹಾನುಭಾವ ಸುಮ್ಮನೆ ಹಾಗೆ ಮಾಡ್ತಾನಾ? ಅದು ಅವನ ಗುರುತು. ನೂರ ಮೂವತ್ತು ವರ್ಷ ಹಿಂದಿನವನು ನಮಗೆ ಕಳಿಸಿದ ಸಂದೇಶ. ಸಮಿತಿಯ ಮೇಡಂ ಅದೊಂದೇ ಹಕ್ಕೀನ ನಾಲ್ಕು ಸಲ ಫೋಟೋ ತೆಗೆದರು. ಅದರಿಂದಲೇ ಮನೆ ಉಳಿಯುತ್ತೆ, ಬರೆದಿಟ್ಟುಕೊಳ್ಳಿ.”

ಬಡಗಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡ. ಆ ಹಕ್ಕಿ ಇಪ್ಪತ್ತಾರು ವರ್ಷದ ಹಿಂದೆ ಅವನ ಕೈತಪ್ಪಿನಿಂದ ಹುಟ್ಟಿದ್ದು. ಮೇಷ್ಟ್ರು ಅವನ ಕಡೆ ತಿರುಗಿ, “ಸ್ವಲ್ಪ ಆ ಕಡೆ ಸರೀತೀರಾ ಮೇಸ್ತ್ರಿ, ಇವರು ಫೋಟೋ ತೆಗೀಬೇಕಂತೆ” ಎಂದರು. ಅವನು ಲೋಟ ಹಿಡಿದು ಸರಿದು ನಿಂತ.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ತಲೆಬುಡ ತಿಳಿಯುವುದಿಲ್ಲ.

ಆ ಬಡಾವಣೆ ಹಳೆಯದು. ಎಷ್ಟು ಹಳೆಯದೆಂದರೆ ಅಲ್ಲಿ ಯಾವ ಬಾಗಿಲೂ ಒಂದೇ ಸಲಕ್ಕೆ ಹಾಕಿಕೊಳ್ಳುವುದಿಲ್ಲ, ಯಾವ ಗೋಡೆಗೂ ಮೊಳೆ ನೆಟ್ಟಗೆ ಇಳಿಯುವುದಿಲ್ಲ. ಉದ್ಯಾನದ ಸುತ್ತ ಎರಡಂತಸ್ತಿನ ಮನೆಗಳು, ಎತ್ತರದ ಕಿಟಕಿಗಳು, ಮೆಟ್ಟಿಲಿಗೆ ಕೆತ್ತನೆಯ ಕೈಹಿಡಿ. ನೋಡಲು ಬಂದವರು ಬಾಯಿ ತೆರೆದು ನಿಲ್ಲುತ್ತಾರೆ. ಇರುವವರ ಪಾಡು ಅವರಿಗೇನು ಗೊತ್ತು? ಹಳೆಯ ಮನೆಯಲ್ಲಿ ಬಾಡಿಗೆಗಿರುವುದೆಂದರೆ ಮುಂಗೋಪದ ಅತ್ತೆಯ ಜೊತೆ ಬಾಳಿದ ಹಾಗೆ. ದಿನಕ್ಕೊಂದು ಕಡೆ ನೋವು, ಗಂಟೆಗೊಂದು ಸಲ ಗೊಣಗಾಟ, ಆದರೂ ಬಿಟ್ಟು ಹೋಗಲು ಮನಸ್ಸು ಬಾರದು.

ನಮ್ಮ ಬಡಗಿ ಅಲ್ಲಿಗೆ ಬಂದದ್ದು ಮೂರು ದಿನದ ಕೆಲಸಕ್ಕೆ. ಆ ಮನೆಗೆ ಮೊದಲಿಂದ ಮರಗೆಲಸ ಮಾಡುತ್ತಿದ್ದ ಮಾವನ ಜೊತೆ ಒಂದು ಬಾಗಿಲು ಸರಿಮಾಡಲು ಬಂದ. ಮನೆಯೊಡತಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಮೇಲಿನ ಅಂತಸ್ತಿನಲ್ಲಿ ಒಬ್ಬರೇ ಇದ್ದರು. ಬಾಗಿಲು ಹಾಕಿ ತೆಗೆದು, ಹಾಕಿ ತೆಗೆದು, ಅದು ಸದ್ದಿಲ್ಲದೆ ಕೂತದ್ದನ್ನು ಕಂಡು, “ನೀನು ಹೋಗಬೇಡಪ್ಪ. ಕೆಳಗಿನ ಎರಡು ಕೋಣೆ ಖಾಲಿ ಇವೆ, ಹಿಂದೆ ಶೆಡ್ಡಿದೆ. ಹೆಂಡತೀನ ಕರಕೊಂಡು ಬಂದು ಇದ್ದುಬಿಡು. ಮನೆ ಮರ ನೋಡಿಕೊಂಡರೆ ಸಾಕು” ಎಂದರು. ಮೂರು ದಿನ ಇಪ್ಪತ್ತೇಳು ವರ್ಷವಾಯಿತು.

ಮಾವನೇ ಅವನ ಗುರು. ಹೆಣ್ಣು ಕೊಡುವ ಮೊದಲೇ ಉಳಿ ಕೊಟ್ಟವನು. ಆತನದು ಒಂದೇ ಪಾಠ: ಹಳೆಯದರ ಪಕ್ಕ ಹೊಸದು ಕಾಣಬಾರದು. ಹಳೆಯ ಹಲಗೆಯಲ್ಲಿ ಹುಳ ಕೊರೆದ ತೂತಿದ್ದರೆ ಹೊಸದರಲ್ಲೂ ಸೂಜಿಯಿಂದ ತೂತು ಮಾಡು. ಹಳೆಯವನ ಉಳಿ ಎಲ್ಲಿ ಜಾರಿದೆಯೋ ಅಲ್ಲೇ ನಿನ್ನದೂ ಜಾರಲಿ. ತುಕ್ಕು ಮೊಳೆಗಳನ್ನು ವಿನಿಗರ್‌ನಲ್ಲಿ ವಾರ ನೆನೆಹಾಕಿ, ಆ ಕಪ್ಪು ನೀರನ್ನು ಬಳಿದರೆ ನಿನ್ನೆಯ ಮರಕ್ಕೂ ಮುಪ್ಪು ಬರುತ್ತದೆ. “ಇನ್ನೊಂದು ಮಾತು. ಎಲ್ಲೂ ಹೆಸರು ಬರೀಬೇಡ. ನೀನು ಬಂದು ಹೋದದ್ದು ಮರಕ್ಕೂ ಗೊತ್ತಾಗಬಾರದು” ಎನ್ನುತ್ತಿದ್ದ ಮಾವ.

ಅಳಿಯ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ಆ ಬೀದಿಯ ಕಿಟಕಿ, ಕಂಬಿ, ಕೈಹಿಡಿಗಳಲ್ಲಿ ಯಾವುದು ಮೊದಲಿನದು, ಯಾವುದು ಅವನದು ಎಂದು ಅವನ ಹೆಂಡತಿಗೂ ತಿಳಿಯುತ್ತಿರಲಿಲ್ಲ. ಹಬೆಯಾಡುವ ಇಸ್ತ್ರಿ, ಹೊಲಿಗೆ ಯಂತ್ರ, ಬಾಯಲ್ಲಿ ನಾಲ್ಕು ಗುಂಡುಪಿನ್ನು ಇಟ್ಟುಕೊಂಡು ಅವಳು ಮುಂದಿನ ಕೋಣೆಯಲ್ಲಿ ಬಡಾವಣೆಯವರ ಬಟ್ಟೆಗಳನ್ನು ಬಿಗಿ ಮಾಡುತ್ತಲೋ ಸಡಿಲ ಮಾಡುತ್ತಲೋ ಇರುತ್ತಿದ್ದಳು. ಪಿನ್ನು ಬಾಯಲ್ಲಿದ್ದಾಗ ಮಾತ್ರ ಸುಮ್ಮನಿರುತ್ತಿದ್ದಳು. “ನಿಮ್ಮ ಕೆಲಸ ಕಾಣಿಸಲ್ಲ, ನನ್ನ ಕೆಲಸ ಕಾಣಿಸಿದರೆ ಬೈಗುಳ. ಒಳ್ಳೆ ಜೋಡಿ ಸಿಕ್ಕಿದೆ ಈ ಮನೆಗೆ” ಎನ್ನುವುದು ಅವಳ ವಾಡಿಕೆ.

ಮಾವನ ಮಾತನ್ನು ಅವನು ಮೀರಿದ್ದು ಒಂದೇ ಸಲ. ತಮ್ಮ ಕೋಣೆಯ ಕಿಟಕಿ ನೆತ್ತಿಯ ಹಲಗೆಗೆ ಗೆದ್ದಲು ಹತ್ತಿ ಪುಡಿಯಾಗಿತ್ತು. ಹೊಸ ಹಲಗೆ ತಂದು, ಹಕ್ಕಿಯ ಆಕಾರ ಕತ್ತರಿಸಿದ ಒಂದು ರಟ್ಟನ್ನು ಇಟ್ಟು ಗೆರೆ ಎಳೆಯುತ್ತ, ಕೆತ್ತುತ್ತ ಹೋಗುತ್ತಿದ್ದ. ನಾಲ್ಕು ಹಕ್ಕಿ ಮುಗಿದಿದ್ದವು. ಒಳಗೆ ಹೆಂಡತಿಗೆ ಹೆರಿಗೆ ನೋವು. ನರ್ಸಮ್ಮ ಅವನನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿದ್ದಳು. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆಂದು ಅದೇ ಕಿಟಕಿಯ ಕೆಳಗೆ ಮರ ಇಟ್ಟುಕೊಂಡು ಕೂತಿದ್ದ. ಅಳು ಕೇಳಿತು. ಓಡಿದ. ಹೆಣ್ಣು ಮಗು, ಬಟ್ಟೆಯ ಗಂಟಿನಷ್ಟು. ನರ್ಸಮ್ಮ ಮತ್ತೆ ಹೊರಗಟ್ಟಿದಳು. ಬಂದು ರಟ್ಟು ಹಿಡಿದ, ಗೆರೆ ಎಳೆದ, ಕೆತ್ತಿದ. ಮುಗಿದ ಮೇಲೆ ನೋಡಿದರೆ ಐದನೆಯ ಹಕ್ಕಿ ಉಲ್ಟಾ. ರಟ್ಟನ್ನು ಮಗುಚಿ ಇಟ್ಟಿದ್ದ.

ಬೇರೆ ದಿನವಾಗಿದ್ದರೆ ಹಲಗೆ ಎಸೆದು ಹೊಸದು ಮಾಡುತ್ತಿದ್ದ. ಅವತ್ತು ಮಾಡಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಹಲಗೆಯ ಹಿಂಬದಿಯಲ್ಲಿ ಏನೋ ಎರಡು ಸಾಲು ಗೀಚಿದ, ಮೇಲಕ್ಕೇರಿಸಿ ಸ್ಕ್ರೂ ಹಾಕಿದ, ತುಕ್ಕುನೀರು ಬಳಿದ. ಮಗಳನ್ನು ಮೊದಲ ದಿನದಿಂದಲೂ ಗುಬ್ಬಿ ಎಂದೇ ಕರೆದ. ಯಾಕೆ ಎಂದು ಹೆಂಡತಿ ಕೇಳಿದರೆ, “ಸುಮ್ಮನೆ” ಎನ್ನುತ್ತಿದ್ದ. ಈಗ ಗುಬ್ಬಿ ಬೇರೆ ಊರಿನಲ್ಲಿ ಬಸ್ಸು ಓಡಿಸುತ್ತಾಳೆ. ಅಪ್ಪನಿಗಿಂತ ದೊಡ್ಡ ಗಂಟಲು.

ಈ ವರ್ಷದ ಮೊದಲಿನಲ್ಲಿ ದೊಡ್ಡಮ್ಮ ಹೋಗಿಬಿಟ್ಟರು. ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಮನೆ ಅವರ ತಂಗಿಯ ಮಗನ ಪಾಲಾಯಿತು. ಅವನು ಕೆಟ್ಟವನಲ್ಲ, ಬಂದವನು ನೆಟ್ಟಗೆ ವಿಷಯಕ್ಕೇ ಬಂದ. “ಮೇಸ್ತ್ರಿ, ತಪ್ಪು ತಿಳ್ಕೋಬೇಡಿ. ಇದನ್ನ ಕೆಡವಿ ಎಂಟು ಫ್ಲಾಟು ಕಟ್ಟಿಸ್ತೀನಿ. ಮೂರು ತಿಂಗಳಲ್ಲಿ ಬೇರೆ ಕಡೆ ನೋಡ್ಕೊಳ್ಳಿ” ಎಂದ. ಹೆಂಡತಿಯ ಸೂಜಿ ಬೆರಳಿಗೆ ನಾಟಿತು. ಬಡಗಿ ಗರ ಬಡಿದವನಂತೆ ನಿಂತುಬಿಟ್ಟ. ಬಂದವನಿಗೆ ಕುರ್ಚಿ ಕೊಡುವುದೂ ನೆನಪಾಗಲಿಲ್ಲ.

ಬೇರೆ ಕಡೆ ಎಂದರೆ ಎಲ್ಲಿ? ಐವತ್ತೆಂಟು ವಯಸ್ಸು. ನಾಲ್ಕು ಕಡೆ ಹೋಗಿ ನೋಡಿದರು. ಎಲ್ಲ ಕಡೆಯೂ ಮೊದಲ ಮಾತು ಒಂದೇ: ಸುತ್ತಿಗೆ ಸದ್ದು ಆಗಕೂಡದು. ಸುತ್ತಿಗೆ ಸದ್ದಿಲ್ಲದ ಬಡಗಿ ಏನು ಮಾಡಬೇಕು, ಮರಕ್ಕೆ ಬುದ್ಧಿ ಹೇಳಬೇಕೇ? ಎರಡು ಕೋಣೆ, ಒಂದು ಶೆಡ್ಡು, ಎದುರಿನ ಉದ್ಯಾನದ ಒಂದು ಬೆಂಚು. ಇದು ಹೋದರೆ ಅವರಿಗೆ ದುಡಿಮೆಯೂ ಇಲ್ಲ, ನೆಲೆಯೂ ಇಲ್ಲ.

ಆಗ ಮೇಷ್ಟ್ರು ಮಧ್ಯೆ ಬಂದರು. ಅವರಿಗೆ ಯಾರ ಬಾಡಿಗೆಯ ಚಿಂತೆಯೂ ಇರಲಿಲ್ಲ; ಹಳೆಯ ಗೋಡೆ ಬಿದ್ದರೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಹಳೆಯ ಮನೆಗಳನ್ನು ಕಾಪಾಡುವ ನಗರ ಸಮಿತಿಗೆ ಅರ್ಜಿ ಹಾಕಿದರು. ಸಮಿತಿಯ ಪಟ್ಟಿಗೆ ಸೇರಿದ ಮನೆಯನ್ನು ಕೆಡವುವಂತಿಲ್ಲ, ಇದ್ದವರನ್ನು ಎಬ್ಬಿಸುವಂತಿಲ್ಲ. ಒಂದು ಸೋಮವಾರ ಸಮಿತಿಯ ಮೇಡಂ ಬಂದರು. ಗಿಡ್ಡ ಕೂದಲು, ಕೊರಳಲ್ಲಿ ಕ್ಯಾಮೆರಾ, ಕಡಿಮೆ ಮಾತು. ಕಿಟಕಿಯ ಕೆಳಗೆ ನಿಂತು ತುಂಬ ಹೊತ್ತು ನೋಡಿ, “ಈ ಹಲಗೆ ಯಾವಾಗಿಂದ ಇದೆ?” ಎಂದು ಕೇಳಿದರು.

“ಮೊದಲಿಂದಾನೂ ಇದೆ ಮೇಡಂ” ಎಂದುಬಿಟ್ಟ ಬಡಗಿ. ಮೋಸ ಮಾಡಬೇಕೆಂದಲ್ಲ. ಮೂವತ್ತು ವರ್ಷದಿಂದ ಯಾರು ಕೇಳಿದರೂ ಅವನ ಬಾಯಿಂದ ಬರುವ ಉತ್ತರವೇ ಅದು. ಮೇಡಂ ಅವನ ಮುಖ ಒಮ್ಮೆ ನೋಡಿ, “ಈ ಹಕ್ಕಿ ಮುಖ್ಯ” ಎಂದಷ್ಟೇ ಹೇಳಿ ಬರೆದುಕೊಂಡರು. ಮರುದಿನ ಅವನು ಕೆಲಸಕ್ಕೆ ಹೋದಾಗ ಮತ್ತೆ ಬಂದು, ಮೇಲಿನ ಅಂತಸ್ತಿನಲ್ಲಿ ಏನೇನೋ ಬಿಚ್ಚಿ ನೋಡಿ ಹೋದರಂತೆ. ಅದನ್ನು ಅವನು ತಲೆಗೆ ಹಚ್ಚಿಕೊಳ್ಳಲಿಲ್ಲ. ಇದಾದ ವಾರಕ್ಕೇ ಬೆಂಚಿನ ಮೇಲೆ ಚಹಾ ನೆತ್ತಿಗೇರಿದ್ದು.

ಮನೆಗೆ ಬಂದು ಹೆಂಡತಿಗೆ ಹೇಳಿದ. “ಕೇಳಿದೆಯಾ, ನಾನು ಮಾಡಿದ ತಪ್ಪು ಹಕ್ಕಿಗೆ ನೂರ ಮೂವತ್ತು ವರ್ಷ ಆಗಿದೆಯಂತೆ. ಅದು ಸಂದೇಶ ಅಂತೆ.”

ಅವಳು ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟಳು. “ಯಾರು ಮಾಡಿದ್ದು ಅಂತ ನಿಮ್ಮನ್ನ ಯಾರಾದರೂ ಕೇಳಿದರಾ?”

“ಇಲ್ಲ.”

“ಹಾಗಾದರೆ ಬಾಯಿಗೆ ಬೀಗ ಹಾಕ್ಕೊಳ್ಳಿ. ಮನೆ ಉಳಿಯೋವರೆಗೆ ಅದಕ್ಕೆ ನೂರ ಮೂವತ್ತಲ್ಲ, ಮುನ್ನೂರು ವರ್ಷ ಆಗಲಿ.”

ಅವನು ಬೀಗ ಹಾಕಿಕೊಂಡ. ದಿನಾ ಬೆಳಿಗ್ಗೆ ಕಿಟಕಿಯ ಕೆಳಗೆ ಜನ. ಒಬ್ಬಾಕೆ ಆ ಹಕ್ಕಿ ತನ್ನ ಜೊತೆಗಾತಿಯನ್ನು ಹುಡುಕುತ್ತಿದೆ ಎಂದಳು. ಇನ್ನೊಬ್ಬ, ಕಟ್ಟಿದವನು ಸಾಲದಲ್ಲಿ ಮುಳುಗಿ ಊರು ಬಿಟ್ಟಿದ್ದನಂತೆ ಎಂದ. ಬಡಗಿ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದ. ಒಳಗೊಳಗೇ ಹಿಗ್ಗು, ಅದರ ಬೆನ್ನಿಗೇ ಭಯ. ಜೀವಮಾನದಲ್ಲಿ ಮೊದಲ ಸಲ ಜನ ಅವನ ಕೆಲಸ ನೋಡಿ ಬೆರಗಾಗುತ್ತಿದ್ದರು, ಅದನ್ನು ತನ್ನದು ಎನ್ನುವಂತಿರಲಿಲ್ಲ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಹದಿನೈದು ದಿನಕ್ಕೆ ಸಮಿತಿಯ ಕಾಗದ ಬಂತು. ಹೆಂಡತಿ ಓದಿದಳು. ಬರುವ ಗುರುವಾರ ಬೆಳಿಗ್ಗೆ ಕೆಳ ಅಂತಸ್ತಿನ ಕಿಟಕಿ ನೆತ್ತಿಯ ಹಲಗೆಯನ್ನು ಬಿಚ್ಚಿ ಅದರ ಹಿಂಬದಿಯನ್ನು ಪರಿಶೀಲಿಸಲಾಗುವುದು. ಮನೆಯ ಮಾಲೀಕರೂ ಬಾಡಿಗೆದಾರರೂ ಹಾಜರಿರಬೇಕು.

ಬಡಗಿ ಗೋಡೆ ಹಿಡಿದು ಕೂತ. “ಹಿಂಬದಿಯಲ್ಲಿ ನಾನು ಬರೆದಿದ್ದೀನಿ ಕಣೇ.”

“ಏನು?”

“ತಾರೀಖು. ಹೆಸರು. ಇನ್ನೇನೋ ಒಂದು ಸಾಲು.”

“ನಿಮಗೆ ಬುದ್ಧಿ ನೆಟ್ಟಗಿದೆಯಾ?” ಅವಳು ಕಾಗದ ಮಡಿಸಿಟ್ಟಳು. “ನಮ್ಮಪ್ಪ ಸಾವಿರ ಸಲ ಹೇಳಿದ್ದನಲ್ಲ, ಹೆಸರು ಬರೀಬೇಡ ಅಂತ. ಅವರು ಅದನ್ನ ಓದಿದರೆ ಮುಗೀತು. ಹಲಗೆ ಇಪ್ಪತ್ತಾರು ವರ್ಷದ್ದು ಅಂತಾರೆ, ನೀವು ಸುಳ್ಳು ಹೇಳಿದಿರಿ ಅಂತಾರೆ. ನಾಳೆ ಮಧ್ಯಾಹ್ನವೇ ಇಳಿಸಿ, ಅಳಿಸಿಬಿಡಿ.”

ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಬೀದಿ ಖಾಲಿಯಾಗಿತ್ತು. ಉದ್ಯಾನದಲ್ಲಿ ಒಬ್ಬ ಮಾಲಿ ಮಾತ್ರ, ಅವನೂ ಮರದಡಿ ಟೋಪಿ ಮುಖದ ಮೇಲೆ ಇಟ್ಟು ಮಲಗಿದ್ದ. ಹೆಂಡತಿ ಏಣಿ ಹಿಡಿದಳು, ಅವನು ಹತ್ತಿ ಸ್ಕ್ರೂ ಬಿಚ್ಚಿದ. ಒಂದು ಮಾರು ಉದ್ದದ ಹಲಗೆಯನ್ನು ಇಬ್ಬರೂ ಹಿಡಿದು ಶೆಡ್ಡಿಗೆ ತಂದು ಮಗುಚಿ ಹಾಕಿದರು. ಹಿಂಬದಿಗೆ ಬಿಸಿಲು, ಮಳೆ ಏನೂ ತಾಕಿರಲಿಲ್ಲ. ಪೆನ್ಸಿಲಿನ ಎರಡು ಸಾಲು ನಿನ್ನೆ ಬರೆದಂತೆ ಇದ್ದವು. ಮೇಲಿನ ಸಾಲಿನಲ್ಲಿ ತಾರೀಖು, ಅವನ ಹೆಸರು, ಬಡಗಿ ಎಂಬ ಮಾತು. ಕೆಳಗಿನ ಸಾಲನ್ನು ಅವಳು ಬಗ್ಗಿ, ತುಟಿ ಆಡಿಸುತ್ತ ಓದಿದಳು.

“ಇವತ್ತು ಬೆಳಿಗ್ಗೆ ಈ ಕಿಟಕಿಯ ಒಳಗೆ ಮಗಳು ಹುಟ್ಟಿದಳು. ಕೈತಪ್ಪಿ ರಟ್ಟು ಮಗುಚಿತು. ಐದನೆಯ ಹಕ್ಕಿ ಮನೆ ಬಾಗಿಲ ಕಡೆ ನೋಡುತ್ತಿದೆ. ಸರಿಮಾಡಲು ಮನಸ್ಸಿಲ್ಲ.”

ಅವಳು ಮರದ ಹೊಟ್ಟಿನ ಮೇಲೇ ಕುಸಿದು ಕೂತಳು. ಆ ದಿನ ತಾನು ಒಳಗೆ ಜೀವ ಹೋಗಿ ಬಂದಂತಾಗಿ ಮಲಗಿದ್ದಾಗ, ಹೊರಗೆ ಸುತ್ತಿಗೆಯ ಸದ್ದು ಕೇಳಿ, ಮಗು ಹುಟ್ಟಿದರೂ ಈ ಮನುಷ್ಯನಿಗೆ ಕೆಲಸವೇ ದೊಡ್ಡದು ಎಂದು ಅಳು ಬಂದಿತ್ತು. ಆ ಸಿಟ್ಟನ್ನು ಅವಳು ಇಪ್ಪತ್ತಾರು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು.

“ನನಗೊಂದು ಮಾತು ಹೇಳಲಿಲ್ಲ ನೀವು” ಎಂದಳು.

“ಹೇಳೋದೇನಿದೆ ಅದರಲ್ಲಿ.”

“ಗುಬ್ಬಿ ಅಂತ ಕರೀತಿದ್ದದ್ದು ಇದಕ್ಕಾ?”

ಅವನು ತಲೆಯಾಡಿಸಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಬೇಡ. ಕೀಸಬೇಡಿ. ಇರಲಿ ಬಿಡಿ, ಏನಾದರೂ ಆಗಲಿ” ಎಂದಳು.

ಈಗ ದಂಗಾಗುವ ಸರದಿ ಅವನದು. ಹೇಳಿಕೊಟ್ಟವಳೇ ಹಿಂದೆ ಸರಿದರೆ? ಅವನ ಕೈಯಲ್ಲಿ ಆಗಲೇ ಕೀಸುಳಿ ಇತ್ತು, ಅಲಗು ಮಸೆದು ತಂದಿದ್ದ. “ಮನೆ ಬೇಕೋ ಅಕ್ಷರ ಬೇಕೋ, ನೀನೇ ಹೇಳು.”

ಅವಳು ಅಕ್ಷರಗಳ ಮೇಲೆ ಬೆರಳಾಡಿಸಿದಳು. ಅವನು ಕಣ್ಣು ಕಿರಿದು ಮಾಡಿ ಕೀಸುಳಿಯನ್ನು ಹಲಗೆಯ ತುದಿಯಲ್ಲಿಟ್ಟು ಒಂದೇ ಉಸಿರಿಗೆ ತಳ್ಳಿದ. ಮೊದಲ ಸುರುಳಿ ಎದ್ದು ಬಂತು. ತಾರೀಖು, ಹೆಸರು, ಎಲ್ಲ ಅದರೊಳಗೆ ಸುತ್ತಿಕೊಂಡವು. ಅದನ್ನು ಅವನು ಅಂಟು ಕಾಯಿಸುವ ಒಲೆಗೆ ಹಾಕಿದ. ಎರಡನೆಯ ಸುರುಳಿ ಏಳುತ್ತಿದ್ದಂತೆ ಅವಳು ಕೈ ಚಾಚಿ ಕಿತ್ತುಕೊಂಡಳು. “ಇದು ನನ್ನದು” ಎಂದಳು. ಕೀಸಿದ ಜಾಗ ಬೆಳ್ಳಗೆ ಹೊಳೆಯಿತು. ತುಕ್ಕುನೀರು ಎರಡು ಸಲ ಬಳಿದ, ಕಪ್ಪಾಯಿತು. ಸಂಜೆಯ ವಾಕಿಂಗಿನವರು ಬರುವಷ್ಟರಲ್ಲಿ ಹಲಗೆ ತನ್ನ ಜಾಗದಲ್ಲಿತ್ತು.

ಗುರುವಾರ ಬಂತು. ಕಿಟಕಿಯ ಕೆಳಗೆ ಮೇಡಂ, ಅವರ ಜೊತೆ ಕಡತ ಹಿಡಿದ ಒಬ್ಬ ಅಧಿಕಾರಿ, ಒಂದು ಕಡೆ ದೊಡ್ಡಮ್ಮನ ತಂಗಿಯ ಮಗ, ಇನ್ನೊಂದು ಕಡೆ ಕೋಲು ಹಿಡಿದ ಮೇಷ್ಟ್ರು. “ನೀವೇ ಬಿಚ್ಚಿ ಮೇಸ್ತ್ರಿ, ನಿಮ್ಮ ಕೈಗೆ ಗೊತ್ತಿರುತ್ತೆ” ಎಂದರು ಮೇಡಂ. ಅವನು ಹತ್ತಿ, ಬಿಚ್ಚಿ, ಇಳಿಸಿ, ಮೆಟ್ಟಿಲ ಮೇಲೆ ಮಗುಚಿ ಇಟ್ಟ. ಮೇಡಂ ಬಗ್ಗಿ ಟಾರ್ಚು ಹಾಕಿ ಈ ತುದಿಯಿಂದ ಆ ತುದಿಗೆ ನೋಡಿದರು. ಬೆರಳಿನಿಂದ ಸವರಿದರು. ಆಮೇಲೆ, ಯಾರೂ ಎಣಿಸದ ಕೆಲಸ ಮಾಡಿದರು. ಮೂಗು ಹತ್ತಿರ ತಂದು ಮೂಸಿದರು.

“ವಿನಿಗರ್ ವಾಸನೆ” ಎಂದರು. “ಯಾವಾಗ ಬಳಿದಿರಿ?”

ಬೀದಿಯಲ್ಲಿ ಒಂದು ಸೈಕಲ್ ಹೋಯಿತು. ಮೂವತ್ತು ವರ್ಷದಲ್ಲಿ ಒಬ್ಬರೂ ಅವನನ್ನು ಹಿಡಿದಿರಲಿಲ್ಲ, ಹಿಡಿದದ್ದು ಮೂಗಿನಿಂದ. ಇನ್ನು ಸುಳ್ಳು ಹೇಳುವ ತ್ರಾಣ ಅವನಿಗಿರಲಿಲ್ಲ.

“ಮೊನ್ನೆ ಮೇಡಂ. ಹಲಗೆ ನಂದು. ಇಪ್ಪತ್ತಾರು ವರ್ಷದ ಹಿಂದೆ ನಾನೇ ಮಾಡಿದ್ದು. ಆ ಹಕ್ಕಿ ಗುರುತೂ ಅಲ್ಲ, ಸಂದೇಶವೂ ಅಲ್ಲ, ನನ್ನ ತಪ್ಪು. ಹಿಂದೆ ಹೆಸರು ಬರೆದಿದ್ದೆ, ಕೀಸಿ ಹಾಕಿದೆ.”

ಮೇಷ್ಟ್ರ ಕೋಲು ಕೈಯಿಂದ ಜಾರಿ ಮೆಟ್ಟಿಲಿನ ಮೇಲೆ ಉರುಳಿತು. ತಂಗಿಯ ಮಗ, “ಅಂದರೆ ಇದೆಲ್ಲ ನಾಟಕವಾ?” ಎಂದ. ಮೇಡಂ ಮಾತ್ರ ಕಣ್ಣು ಮುಚ್ಚಿಕೊಂಡು ಹಣೆಗೆ ಕೈ ಹಚ್ಚಿದರು.

“ಹಲಗೆ ನಿಮ್ಮದು ಅಂತ ನನಗೆ ಮೊದಲ ದಿನವೇ ಗೊತ್ತು ಮೇಸ್ತ್ರಿ” ಎಂದರು. “ಹುಳದ ತೂತು ಮಾಡಿದಿರಿ, ಮುಪ್ಪು ಬರಿಸಿದಿರಿ, ಸ್ಕ್ರೂ ಮಾತ್ರ ಮರೆತಿರಿ. ಈ ಪ್ಲಸ್ ತಲೆಯ ಸ್ಕ್ರೂ ನೂರ ಮೂವತ್ತು ವರ್ಷದ ಹಿಂದೆ ಎಲ್ಲಿತ್ತು? ನಾನು ಹುಡುಕ್ತಾ ಇದ್ದದ್ದು ಹಳೇದನ್ನಲ್ಲ. ನಿಮ್ಮನ್ನ.”

ಬಡಗಿ ಬೆಪ್ಪಾಗಿ ನೋಡಿದ.

“ಈ ಬಡಾವಣೆಯಲ್ಲಿ ಹಳೆ ಮನೆಗೇನು ಬರವಾ? ಬರೀ ಹಳೇದು ಅಂತ ಪಟ್ಟಿಗೆ ಸೇರಿಸೋಕೆ ಆಗಲ್ಲ. ಒಂದೇ ಮನೆಯ ಮರಗೆಲಸವನ್ನ ಮೂರು ತಲೆಮಾರು, ಒಬ್ಬರಿಂದ ಒಬ್ಬರು ಕಲಿತು, ಇವತ್ತಿಗೂ ಅಲ್ಲೇ ಇದ್ದು ಮಾಡ್ತಾ ಇದ್ದಾರೆ ಅಂತ ತೋರಿಸಿದರೆ ಸೇರಿಸಬಹುದು. ಅದಕ್ಕೆ ಬರಹ ಬೇಕು. ಮೇಲಿನ ಕಿಟಕಿಗಳ ಹಿಂದೆ ಇಬ್ಬರದು ಸಿಕ್ಕಿದೆ. ಒಂದು ನಿಮ್ಮ ಮಾವನ ಗುರುವಿನದು. ಇನ್ನೊಂದು ನಿಮ್ಮ ಮಾವನದೇ, ಗುರುವಿನ ಹೆಸರೂ ಸೇರಿಸಿ ದೊಡ್ಡ ಅಕ್ಷರದಲ್ಲಿ, ಕೆಳಗೆ ಗೆರೆ ಬೇರೆ ಎಳೆದಿದ್ದಾರೆ. ಮೂರನೇದು ಈ ಹಲಗೆ ಹಿಂದೆ ಇರುತ್ತೆ ಅಂತ ನಂಬಿದ್ದೆ. ಅದನ್ನೇ ಕೀಸಿಬಿಟ್ಟಿದ್ದೀರಿ.”

“ಅಪ್ಪ ಬರೆದಿದ್ದನಾ?” ಎಂದಳು ಹೆಂಡತಿ, ಬಾಗಿಲಿನಿಂದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಇಂಥ ಗುರುಗಳಿಗೇ ಹುಟ್ಟಿದ್ದು. ಬಡಗಿಗೆ ನಗು ಬರಲಿಲ್ಲ. ತನ್ನನ್ನು ತಾನು ಮರೆಸಿಕೊಳ್ಳುವುದೇ ಕೆಲಸ ಎಂದು ಮೂವತ್ತು ವರ್ಷ ಬಾಳಿದ್ದ. ಮನೆ ಉಳಿಸಬಲ್ಲ ಒಂದೇ ಒಂದು ಸಾಲನ್ನು ತನ್ನ ಕೈಯಾರೆ, ಮಸೆದ ಅಲಗಿನಿಂದ ತೆಗೆದು ಒಲೆಗೆ ಹಾಕಿದ್ದ. ಅದು ಅರ್ಥವಾದಾಗ ಅವನು ಮೆಟ್ಟಿಲ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಹೆಂಡತಿ ಒಳಗೆ ಹೋದಳು. ಹೊಲಿಗೆ ಪೆಟ್ಟಿಗೆ ತಂದು ಮೆಟ್ಟಿಲ ಮೇಲಿಟ್ಟು ತೆರೆದಳು. ಮಡಿಸಿದ ಬಿಳಿ ಬಟ್ಟೆಯ ನಡುವೆ, ಹಬೆಯ ಇಸ್ತ್ರಿಯಿಂದ ನೆಟ್ಟಗೆ ಮಾಡಿ, ಎರಡೂ ಬದಿಗೆ ಗುಂಡುಪಿನ್ನು ಚುಚ್ಚಿ ಇಟ್ಟಿದ್ದ ಮರದ ಸುರುಳಿ ಇತ್ತು. ಮೇಡಂ ಅದನ್ನು ಉಸಿರು ಬಿಗಿಹಿಡಿದು ಎತ್ತಿ ಹಲಗೆಯ ಮೇಲೆ ಹಾಸಿದರು. ಹಲಗೆ ಕಪ್ಪು, ಸುರುಳಿ ಬಿಳುಪು. ಆದರೆ ಮಧ್ಯದ ಗಂಟು ಗಂಟಿನ ಮೇಲೆ, ನಾರು ನಾರಿನ ಮೇಲೆ ಸರಿಯಾಗಿ ಕೂತಿತು. ಮೇಡಂ ಗಟ್ಟಿಯಾಗಿ ಓದಿದರು.

ಅಧಿಕಾರಿ ಕನ್ನಡಕ ತೆಗೆದು ಒರೆಸಿದ. “ಚೆನ್ನಾಗಿದೆ. ಆದರೆ ಇದರಲ್ಲಿ ಹೆಸರಿಲ್ಲ, ತಾರೀಖಿಲ್ಲ. ಯಾರು ಬರೆದರು, ಯಾವತ್ತು ಬರೆದರು ಅಂತ ನಾನು ಏನಂತ ನಮೂದಿಸಲಿ?”

ಹೆಂಡತಿ ಅಧಿಕಾರಿಯನ್ನು ಮೇಲಿಂದ ಕೆಳಗೆ ನೋಡಿದಳು. “ಮಗಳು ಹುಟ್ಟಿದ ದಿನ ಅಂತ ಬರೆದಿದೆಯಲ್ಲ ಸ್ವಾಮಿ. ಮಗಳು ಹುಟ್ಟಿದ್ದು ಯಾವತ್ತು ಅಂತ ಸರ್ಕಾರಕ್ಕೆ ಗೊತ್ತಿಲ್ಲವಾ?”

ಅದೇ ಪೆಟ್ಟಿಗೆಯ ತಳದಿಂದ ಜನನ ಪತ್ರ ಹೊರಬಂತು. ದಿನಾಂಕ. ಹುಟ್ಟಿದ ಸ್ಥಳ: ಇದೇ ಮನೆಯ ಸಂಖ್ಯೆ, ಕೆಳ ಅಂತಸ್ತು. ತಂದೆಯ ಹೆಸರು. ತಂದೆಯ ಉದ್ಯೋಗ: ಬಡಗಿ. ಮೇಲೆ ಸರ್ಕಾರದ ಮೊಹರು. ಒಲೆಯಲ್ಲಿ ಸುಟ್ಟುಹೋದ ಒಂದೊಂದು ಮಾತೂ ಅಲ್ಲಿತ್ತು. ಅಧಿಕಾರಿ ಎರಡು ಸಲ ಓದಿ, ಕಡತ ಬಿಚ್ಚಿ ಬರೆಯಲು ಕೂತ. ತಂಗಿಯ ಮಗ ಪತ್ರವನ್ನು ಕೈಗೆ ತೆಗೆದುಕೊಂಡು ಎಷ್ಟೋ ಹೊತ್ತು ನೋಡುತ್ತಲೇ ಇದ್ದ. “ಇಲ್ಲಿ ಯಾರಾದರೂ ಹುಟ್ಟಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ” ಎಂದ. ಅವನ ಮುಖ ಸಪ್ಪಗಾಗಿತ್ತು. ಎಂಟು ಫ್ಲಾಟು ಕಣ್ಣೆದುರೇ ಮಾಯವಾದರೆ ಯಾರದಾದರೂ ಹಾಗೇ ಆಗುತ್ತದೆ.

ತಿಂಗಳ ಮೇಲೆ ಆದೇಶ ಬಂತು. ಮನೆ ಪಟ್ಟಿಗೆ ಸೇರಿತ್ತು. ಬಡಗಿ ಅಲ್ಲೇ ಇದ್ದು ಕೆಲಸ ಮಾಡುವುದು ಪಟ್ಟಿಯ ಷರತ್ತೇ ಆದ್ದರಿಂದ ಅವನನ್ನು ಯಾರೂ ಎಬ್ಬಿಸುವಂತಿರಲಿಲ್ಲ. ಮೇಷ್ಟ್ರು ಒಂದು ವಾರ ಮುಖ ಊದಿಸಿಕೊಂಡಿದ್ದು, ಎಂಟನೆಯ ದಿನದಿಂದ ಅದೇ ಕೋಲೆತ್ತಿ ಬಡಗಿಗಳ ವಿಷಯ ಶುರುಮಾಡಿದರು. ಈಗ ಅವನಿಗೆ ಸರಿಯಿರಿ ಎನ್ನುತ್ತಿರಲಿಲ್ಲ, ನಿಲ್ಲಿಸಿ ತೋರಿಸುತ್ತಿದ್ದರು. ಅದು ಅವನಿಗೆ ಇನ್ನೂ ಕಷ್ಟವಾಯಿತು.

ಹಲಗೆ ಮತ್ತೆ ಮೇಲೇರಿಸುವ ದಿನ ಮೇಡಂ ಬಂದಿದ್ದರು. “ಹಿಂದೆ ಬರೆದು ಏರಿಸಿ. ಮತ್ತೆ ಕೀಸಬೇಡಿ” ಎಂದರು. ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಬರೆಯಲು ಹೋದ. ತುಕ್ಕುನೀರು ಕುಡಿದ ಮರ, ಅದರ ಮೇಲೆ ಪೆನ್ಸಿಲ್ ಎಲ್ಲಿ ಕಾಣಬೇಕು? “ಕೆತ್ತಿ” ಎಂದರು ಮೇಡಂ.

ಉಳಿ ಹಿಡಿದು ಕೂತ. ಸಾವಿರ ಹಕ್ಕಿ, ಬಳ್ಳಿ, ಹೂವು ಕೆತ್ತಿದ ಕೈ ಹಲಗೆಯ ಮೇಲೆ ಹಾಗೇ ನಿಂತಿತು. ಅಕ್ಷರ ಕೆತ್ತಿ ಅಭ್ಯಾಸವೇ ಇರಲಿಲ್ಲ. ಎಲ್ಲಿಂದ ಶುರುಮಾಡಬೇಕು, ಎಷ್ಟು ದೊಡ್ಡದಿರಬೇಕು, ಏನೂ ತೋಚಲಿಲ್ಲ. ಹೆಂಡತಿ ಸ್ವಲ್ಪ ಹೊತ್ತು ನೋಡಿ, “ಸರೀರಿ” ಎಂದು ಪಕ್ಕದಲ್ಲಿ ಕೂತಳು. ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣ ತೆಗೆದು ಕಪ್ಪು ಮರದ ಮೇಲೆ ದುಂಡಗೆ ಬರೆದಳು. ಮೊದಲು ಮಗಳ ಹೆಸರು ಬರೆದಳು, ಅದರ ಪಕ್ಕ ಅವನದು. ಅವಳು ಎಳೆದ ಗೆರೆಯ ಮೇಲೆ ಅವನು ಉಳಿ ಇಟ್ಟ.

“ನಿಂದೂ ಬರಿ” ಎಂದ.

“ನನ್ನದು ಯಾಕೆ?”

“ಅವತ್ತು ಒಳಗಿದ್ದವಳು ನೀನಲ್ಲವಾ.”

ಅವಳು ಸೀಮೆಸುಣ್ಣ ಹಿಡಿದು ಅವನ ಹೆಸರಿನ ಪಕ್ಕ ಬರೆದಳು. ಮೂರು ಹೆಸರು ಕೆತ್ತಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು, ಹಲಗೆಯನ್ನು ಇಬ್ಬರೂ ಹಿಡಿದು ಮೇಲಕ್ಕೇರಿಸಿದರು.